ಕಲ್ಲು ಹತ್ತುವ ಗಾಡಿಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಸೈನ್ಸ್ ವಿದ್ಯಾರ್ಥಿಯಲ್ಲ. ದ್ವಿತೀಯ ಪಿಯುಸಿ ಕಾಮರ್ಸ್. ರೇಡಿಯೋ ರಿಮೋಟಿನಿಂದ ಕಲ್ಲು ಹತ್ತುವ ಗಾಡಿಯೊಂದನ್ನು ಬಿಡಿ ಭಾಗಗಳಿಂದ ನಾನೇ ಜೋಡಿಸಿದೆ ಎಂದಾಗ ಸೈನ್ಸ್ ಸೆಕ್ಷನ್ನಿನ ಗೆಳೆಯನೊಬ್ಬ, "ನಿನಗ್ಯಾಕಲೇ ಇದೆಲ್ಲಾ? ನೀ ಡೆಬಿಟ್ ಕ್ರೆಡಿಟ್ ನೋಡ್ಕೋ ಹೋಗು" ಅಂದ. ಅವನು ಹಂಗಿಸಲು ಹೇಳಿದ ಮಾತು ನಿಜವೇ ಆಯಿತು. ಗಾಡಿ ಜೋಡಿಸಲು ಹದಿನಾರು ದಿನ ಸಾಕಾಯಿತು. ಅದರ ಡೆಬಿಟ್ ಕ್ರೆಡಿಟ್ ಇವತ್ತಿಗೂ ಮುಗಿದಿಲ್ಲ.

ನಮ್ಮೂರು ಗೊಳಸಂಗಿ. ಕೂಡಗಿಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರದ ಚಿಮಣಿಗಳು ನಮ್ಮ ಮಾಳಿಗೆಯ ಮೇಲಿಂದ ಕಾಣುತ್ತವೆ. ಅಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ, ಒಟ್ಟು 2,400 ಮೆಗಾವ್ಯಾಟ್. 50ನೇ ನಂಬರಿನ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಲಾರಿಗಳು, ಹೊಲಗಳಲ್ಲಿ ಟ್ರ್ಯಾಕ್ಟರುಗಳು. ಹೀಗಾಗಿ ನಮ್ಮ ಕಡೆಯ ಹುಡುಗರಿಗೆ ಗಾಲಿ ಇರುವುದೆಲ್ಲವೂ ಹುಚ್ಚು ಹಿಡಿಸುತ್ತದೆ. ಸಣ್ಣವರಿದ್ದಾಗ ಜೋಳದ ದಂಟು ಸೀಳಿ, ಅದರ ಬೆಂಡಿನಲ್ಲಿ ಬಂಡಿ ಮಾಡಿ ಎಳೆದವರು ನಾವು. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಗೆಳೆಯರು ಎತ್ತು ಮಾಡಿದರೆ ಅವಕ್ಕೆ ಬಂಡಿ ನಾನು ಮಾಡಿಕೊಡುತ್ತಿದ್ದೆ. ಈಗ ಜಾತ್ರೆಗಳಲ್ಲಿ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಹಿಂದಕ್ಕೆ ಓಡಿಸುವ ಸ್ಪರ್ಧೆ ಇಡುತ್ತಾರೆ, ಅದನ್ನು ನೋಡಲು ಸೇರುವ ಮಂದಿ ಮತ್ತೆ ಯಾವುದಕ್ಕೂ ಸೇರುವುದಿಲ್ಲ. ನಮ್ಮ ಅಬ್ಬಾ ಟ್ರ್ಯಾಕ್ಟರ್ ಮಿಸ್ತ್ರಿ. ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅವರ ಹೊಲಿಗೆಯ ಸಂಗತಿ ಮುಂದೆ ಬರುತ್ತದೆ.

ರಿಮೋಟ್ ಕಾರು ಅಂದ ಕೂಡಲೇ ಜಾತ್ರೆಯಲ್ಲಿ ಸಿಗುವ, ಸುರ್ರನೆ ಓಡಿ ಗೋಡೆಗೆ ಗುದ್ದುವ ಆಟಿಗೆ ನೆನಪಾಗುತ್ತದೆ. ರಾಕ್ ಕ್ರಾಲರ್ ಅದರ ಪೂರಾ ಉಲ್ಟಾ. ಇದನ್ನು ಆದಷ್ಟು ನಿಧಾನ ಓಡಲೆಂದೇ ಮಾಡಿರುತ್ತಾರೆ. ತನ್ನ ಗಾಲಿಗಿಂತ ದೊಡ್ಡ ಕಲ್ಲು ಎದುರಾದರೆ ಗಾಲಿಯಿಂದ ಅದನ್ನು ತಡವಿ, ಹಿಡಿತ ಸಿಕ್ಕ ಕಡೆ ಕಚ್ಚಿಕೊಂಡು, ಉಡದ ಹಾಗೆ ಹತ್ತುತ್ತದೆ. ರೇಡಿಯೋ ಅಲೆಯಿಂದ ದೂರದ ವಸ್ತುವನ್ನು ನಡೆಸುವುದೇನೂ ಹೊಸದಲ್ಲ. ನಿಕೋಲಾ ಟೆಸ್ಲಾ 1898ರಲ್ಲೇ ನ್ಯೂಯಾರ್ಕಿನಲ್ಲಿ ಒಂದು ಸಣ್ಣ ದೋಣಿಯನ್ನು ಹಾಗೆ ನಡೆಸಿ ತೋರಿಸಿದ್ದರು. ಕಲ್ಲು ಹತ್ತಿಸುವ ಹವ್ಯಾಸ ಬಹಳ ಈಚಿನದು. ಜಪಾನಿನ ತಾಮಿಯಾ ಕಂಪನಿ 1987ರಲ್ಲಿ ಕ್ಲಾಡ್ ಬಸ್ಟರ್ ಎಂಬ ದೊಡ್ಡ ಗಾಲಿಗಳ ಕಿಟ್ ತಂದಿತ್ತು. ಮುಂದೆ ಹವ್ಯಾಸಿಗಳು ಅದರ ಆಕ್ಸಲುಗಳನ್ನು ಬಿಚ್ಚಿ, ತಮ್ಮದೇ ಚಾಸಿ ಮಾಡಿ, ಕಲ್ಲು ಹತ್ತಿಸತೊಡಗಿದರು. 2017ರಲ್ಲಿ ಬಂದ ಟ್ರಾಕ್ಸಾಸ್ ಟಿಆರ್‌ಎಕ್ಸ್-4ರಲ್ಲಂತೂ ಡಿಫರೆನ್ಷಿಯಲ್ಲನ್ನು ರಿಮೋಟಿನಿಂದಲೇ ಲಾಕ್ ಮಾಡಬಹುದು. ಅಂಥವುಗಳ ಬೆಲೆ ಕೇಳಿದರೆ ನಮ್ಮ ಮನೆಯಲ್ಲಿ ಯಾರೂ ರಾತ್ರಿ ಊಟ ಮಾಡುವುದಿಲ್ಲ. ನಾನು ತರಿಸಿದ್ದು ಚೀನಾದ ಅಗ್ಗದ ಕಿಟ್. ನಿಜವಾದ ಗಾಡಿಯ ಹದಿನಾರನೇ ಒಂದು ಭಾಗದ ಅಳತೆ, ಬೆಲೆ ಕೊರಿಯರ್ ಸೇರಿ 2,900 ರೂಪಾಯಿ.

ಈ 2,900 ಪೂರಾ ನನ್ನದು. ಎರಡು ವರ್ಷದ ಈದಿ ಕೂಡಿಟ್ಟಿದ್ದೆ, ಬೇಸಿಗೆ ರಜೆಯಲ್ಲಿ ಅಬ್ಬಾನ ಗ್ಯಾರೇಜಿನಲ್ಲಿ ದುಡಿದದ್ದೂ ಸೇರಿತ್ತು. ಇಲ್ಲಿಯವರೆಗೆ ಲೆಕ್ಕ ಚೊಕ್ಕ.

ಪೆಟ್ಟಿಗೆ ಬಂತು, ಬಿಚ್ಚಿದೆ. ಸಣ್ಣ ಸಣ್ಣ ಚೀಲಗಳಲ್ಲಿ ಪ್ಲಾಸ್ಟಿಕ್ ಗೇರು, ಶಾಫ್ಟು, ಸ್ಪ್ರಿಂಗು, ನೂರಕ್ಕೂ ಹೆಚ್ಚು ಸ್ಕ್ರೂ, ಒಂದು ಮೋಟಾರು, ಮುಂದಿನ ಗಾಲಿ ತಿರುಗಿಸುವ ಒಂದು ಸರ್ವೊ. ಜೊತೆಗೆ ಚೀನೀ ಅಕ್ಷರಗಳ ಕೈಪಿಡಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ಇನ್ನು ಇದೊಂದು ಬಾಕಿಯಿತ್ತು. ಚಿತ್ರ ನೋಡಿಕೊಂಡೇ ಶುರು ಮಾಡಿದೆ. ಮೂರನೇ ದಿನ ಹೊತ್ತಿಗೆ ಚಾಸಿ ನಿಂತಿತು, ಗೇರ್‌ಬಾಕ್ಸ್ ಮುಗಿಯಿತು. ಆಗ ರಿಮೋಟು ಎಲ್ಲಿದೆ ಎಂದು ಪೆಟ್ಟಿಗೆ ತಡಕಾಡಿದೆ. ಪೆಟ್ಟಿಗೆ ಬೋರಲು ಹಾಕಿ ಬಡಿದೆ. ಇರಲಿಲ್ಲ. ರಿಸೀವರ್ ಇಲ್ಲ, ಮೋಟಾರಿನ ವೇಗ ಹಿಡಿತದಲ್ಲಿಡುವ ಇಎಸ್‌ಸಿ ಇಲ್ಲ, ಬ್ಯಾಟರಿ ಇಲ್ಲ, ಚಾರ್ಜರ್ ಇಲ್ಲ. ಮಾರುವವರದ್ದೇನೂ ತಪ್ಪಿಲ್ಲ. ಕಿಟ್ ಅಂದರೆ ಹೆಚ್ಚಾಗಿ ಹೀಗೆಯೇ, ಎಲೆಕ್ಟ್ರಾನಿಕ್ ಸಾಮಾನು ಬೇರೆ ಕೊಳ್ಳಬೇಕು. ಅದನ್ನು ಸಣ್ಣ ಅಕ್ಷರದಲ್ಲಿ ಬರೆದೂ ಇದ್ದರು. ನಾನು ಫೋಟೋ ನೋಡಿ ದುಡ್ಡು ಕಟ್ಟಿದವನು.

ಪಟ್ಟಿ ಮಾಡಿದೆ. ರಿಮೋಟು ಮತ್ತು ರಿಸೀವರ್ 1,150. ಇಎಸ್‌ಸಿ 480. ಬ್ಯಾಟರಿ 560. ಚಾರ್ಜರ್ 250. ಒಟ್ಟು 2,440. ನನ್ನ ಕಿಸೆಯಲ್ಲಿ ಆವತ್ತು ಬಸ್ ಚಾರ್ಜೂ ಇರಲಿಲ್ಲ.

ಅದೇ ವಾರ ಅಮ್ಮಿ ನನ್ನ ಕೈಯಲ್ಲಿ 3,500 ರೂಪಾಯಿ ಇಟ್ಟಿದ್ದರು, ಟ್ಯಾಲಿ ಕ್ಲಾಸಿನ ಫೀ. ಓಣಿಯ ಹೆಣ್ಣುಮಕ್ಕಳು ಸೇರಿ ಹಾಕುವ ಭಿಶಿಯಲ್ಲಿ ಆ ತಿಂಗಳ ಪಾಳಿ ಅಮ್ಮಿಯದು. ಕಾಮರ್ಸ್ ಓದುವ ಮಗ ಟ್ಯಾಲಿ ಕಲಿತರೆ ಎಲ್ಲಾದರೂ ಅಂಗಡಿಯಲ್ಲಿ ಲೆಕ್ಕ ಬರೆದಾದರೂ ಬದುಕುತ್ತಾನೆ ಅಂತ ಅವರ ಎಣಿಕೆ. ನಾನು ಕ್ಲಾಸಿನಲ್ಲಿ 1,000 ಕಟ್ಟಿ, ಉಳಿದದ್ದು ಮುಂದಿನ ತಿಂಗಳು ಅಂದೆ. 2,440ಕ್ಕೆ ಆ ರಾತ್ರಿಯೇ ಆರ್ಡರ್ ಹಾಕಿದೆ. ಉಳಿದ 60 ರೂಪಾಯಿಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಗೆಳೆಯನಿಗೂ ಸೇರಿಸಿ ಗಿರಮಿಟ್ ತಿಂದೆ. ಕಳ್ಳತನ ಎಂದು ಆಗ ಅನ್ನಿಸಲಿಲ್ಲ. ಇಷ್ಟು ದುಡ್ಡು ಹಾಕಿಯಾಗಿದೆ, ಅರ್ಧಕ್ಕೆ ಬಿಟ್ಟರೆ ಅದೂ ಹಾಳು, ಮುಂದೆ ತುಂಬಿದರಾಯಿತು ಎಂದುಕೊಂಡೆ. ಕೈಬಿಟ್ಟು ಹೋದ ದುಡ್ಡನ್ನು ನೋಡಿಕೊಂಡು ಮುಂದಿನ ನಿರ್ಧಾರ ಮಾಡಬಾರದು ಎಂದು ನಮ್ಮ ಪಾಠದಲ್ಲೇ ಇದೆ. ಅದನ್ನು ಓದಿ ಐದು ಮಾರ್ಕು ತೆಗೆದವನೂ ನಾನೇ.

ಆದರೆ ಒಂದು ಕೆಲಸ ಮಾಡಿದ್ದೆ. ಹಳೆಯ ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದೆ, ಗಿರಮಿಟ್ ಸಹಿತ. ಎಡಕ್ಕೆ ಖರ್ಚು, ಬಲಕ್ಕೆ ದುಡ್ಡು ಬಂದ ಮೂಲ. ಬಲಗಡೆ 2,500ರ ಮುಂದೆ ಅಮ್ಮಿಯ ಹೆಸರು ಬರೆಯಲು ಕೈ ಬರಲಿಲ್ಲ. 'ಸಸ್ಪೆನ್ಸ್' ಅಂತ ಬರೆದೆ. ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದಾಗ, ತಪ್ಪು ಸಿಗುವವರೆಗೆ ವ್ಯತ್ಯಾಸವನ್ನು ಹಾಕಿಡುವ ಖಾತೆ ಅದು. ನನ್ನದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವ ಅಗತ್ಯವೇ ಇರಲಿಲ್ಲ.

ಸಾಮಾನು ಬರುವ ತನಕ ಗಾಡಿಯ ಕೆಳಭಾಗ ಜೋಡಿಸಿದೆ. ಆಕ್ಸಲ್ ಒಳಗೆ ಅಕ್ಕಿಕಾಳಿಗಿಂತ ಸಣ್ಣ ಕ್ಲಿಪ್ಪುಗಳಿದ್ದವು, ನನ್ನ ಬೆರಳಿಗೆ ನಿಲ್ಲುತ್ತಿರಲಿಲ್ಲ. ಒಂದು ಕ್ಲಿಪ್ ಟಕ್ಕೆಂದು ಹಾರಿ ಪಡಸಾಲೆಯ ಚಾಪೆಯಡಿ ಹೋಯಿತು. ಅಮ್ಮಿ ಮಷೀನಿನಿಂದ ಎದ್ದು ಬಂದರು. ಕೆಳಗೆ ಬಿದ್ದ ಸೂಜಿ ಹುಡುಕಲು ಅವರ ಹತ್ತಿರ ಒಂದು ಅಯಸ್ಕಾಂತವಿದೆ, ಹಾಳಾದ ಸ್ಪೀಕರಿನಿಂದ ಅಬ್ಬಾ ಬಿಚ್ಚಿ ಕೊಟ್ಟದ್ದು. ಅದನ್ನು ಚಾಪೆಯ ಮೇಲೆ ಸವರಿ ಒಂದೇ ನಿಮಿಷದಲ್ಲಿ ಕ್ಲಿಪ್ ತೆಗೆದರು. ಆಮೇಲೆ ಕನ್ನಡಕ ಹಾಕಿಕೊಂಡು ನನ್ನ ಪಕ್ಕ ಕೂತು ನಾಲ್ಕೂ ಕ್ಲಿಪ್ ತಾವೇ ಕೂಡಿಸಿದರು. ಸೂಜಿಯ ಕಣ್ಣಿಗೆ ದಿನಕ್ಕೆ ನಲವತ್ತು ಸಲ ದಾರ ಪೋಣಿಸುವ ಬೆರಳು. ಗೇರಿಗೆ ಮಷೀನ್ ಎಣ್ಣೆ ಬಿಡಲು ಬಂದರು, ಪ್ಲಾಸ್ಟಿಕ್ ಗೇರಿಗೆ ಗ್ರೀಸೇ ವಾಸಿ ಎಂದು ನಾನು ತಡೆದೆ. "ಬಡಾ ಇಂಜಿನಿಯರ್" ಅಂದು ನಕ್ಕರು. ಎಷ್ಟಾಯಿತು ಇದಕ್ಕೆ ಎಂದು ಕೇಳಿದರು. 2,900 ಅಂದೆ. ಅದು ಸುಳ್ಳೂ ಅಲ್ಲ. ಕಿಟ್ಟಿನ ಬೆಲೆ ಅಷ್ಟೇ ತಾನೆ.

ಅಬ್ಬಾ ಎರಡು ದಿನ ದೂರದಿಂದಲೇ ನೋಡಿದರು. ಮೂರನೇ ದಿನ ಹಿಂದಿನ ಆಕ್ಸಲ್ ಎತ್ತಿಕೊಂಡು ಒಂದು ಕಡೆಯ ಗಾಲಿ ತಿರುಗಿಸಿದರು. ಇನ್ನೊಂದು ಕಡೆಯ ಗಾಲಿಯೂ ಅದರ ಜೊತೆಗೇ ತಿರುಗಿತು. ಹುಬ್ಬು ಏರಿಸಿ, "ಯೇ ಕ್ಯಾ ಹೈ ರೇ, ಇಸ್ಮೆ ಡಿಫರೆನ್ಷಿಯಲಿಚ್ ನೈ!" ಅಂದರು. ನಿನಗೆ ಮೋಸ ಆಗಿದೆ ಅನ್ನುವ ಧಾಟಿ. ಕ್ರಾಲರಿಗೆ ಹಾಗೆಯೇ ಬೇಕು ಎಂದು ಯೂಟ್ಯೂಬಿನಲ್ಲಿ ನೋಡಿದ್ದೆ, ಯಾಕೆ ಎಂದು ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾದದ್ದು ಅಬ್ಬಾ ತಾವೇ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ ಮೇಲೆ.

ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡಕ್ಕೂ ಬೇರೆ ಬೇರೆ ವೇಗ ಸಿಗಲೆಂದು ನಡುವೆ ಡಿಫರೆನ್ಷಿಯಲ್ ಇರುತ್ತದೆ. ರಸ್ತೆಯ ಮೇಲೆ ಇದು ಬೇಕೇ ಬೇಕು. ಆದರೆ ಮಳೆಗಾಲದಲ್ಲಿ ನಮ್ಮ ಎರಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿ ನೋಡಿ. ಒಂದು ಗಾಲಿ ರಾಡಿಯಲ್ಲಿ ಸಿಕ್ಕರೆ ಅದೊಂದೇ ಗಿರಗಿರ ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವ ಗಾಲಿ ಸುಮ್ಮನೆ ನಿಂತುಬಿಡುತ್ತದೆ. ದುಡಿಯುವ ಶಕ್ತಿ ಇರುವ ಗಾಲಿಗೆ ಕೆಲಸ ಸಿಗುವುದಿಲ್ಲ. ಅದಕ್ಕೇ ಟ್ರ್ಯಾಕ್ಟರಿನಲ್ಲಿ ಕಾಲಿನ ಹತ್ತಿರ ಡಿಫರೆನ್ಷಿಯಲ್ ಲಾಕ್ ಪೆಡಲ್ ಇರುತ್ತದೆ. ತುಳಿದರೆ ಎರಡೂ ಗಾಲಿ ಒಂದೇ ಕಬ್ಬಿಣಕ್ಕೆ ಕಟ್ಟಿದ ಹಾಗೆ ಕೂಡಿ ತಿರುಗುತ್ತವೆ, ಗಾಡಿ ಎದ್ದು ಬರುತ್ತದೆ. "ನಿನ್ನ ಗಾಡೀಲಿ ಆ ಪೆಡಲ್ ಯಾವಾಗಲೂ ತುಳಿದೇ ಇದೆ" ಅಂದರು ಅಬ್ಬಾ, ನಮ್ಮ ಭಾಷೆಯಲ್ಲಿ. ಕಲ್ಲಿನ ಮೇಲೆ ನಾಲ್ಕರಲ್ಲಿ ಎರಡು ಗಾಲಿ ಗಾಳಿಯಲ್ಲೇ ಇರುತ್ತವೆ, ಉಳಿದೆರಡು ನಿಲ್ಲಬಾರದು. ಇದರ ನಷ್ಟವೂ ಉಂಟು. ಸಣ್ಣ ಜಾಗದಲ್ಲಿ ಹೊರಳುವುದಿಲ್ಲ, ಹೊರಳಿದರೆ ಟಯರು ನೆಲಕ್ಕೆ ಉಜ್ಜುತ್ತದೆ.

ಆ ದಿನದಿಂದ ಅಬ್ಬಾ ಗ್ಯಾರೇಜು ಮುಚ್ಚಿ ಬಂದು ಕೈ ತೊಳೆದು ನೇರ ನನ್ನ ಚಾಪೆಗೆ ಬರತೊಡಗಿದರು. ನಾವಿಬ್ಬರೂ ಹೆಚ್ಚು ಮಾತಾಡುವವರಲ್ಲ. ಹತ್ತನೇ ತರಗತಿಯ ನಂತರ ನಾನು ಸೈನ್ಸ್ ತಗೊಳ್ಳದೆ ಕಾಮರ್ಸ್ ತಗೊಂಡದ್ದಕ್ಕೆ ಅವರಿಗೆ ಸ್ವಲ್ಪ ಬೇಜಾರಿತ್ತು ಅಂತ ನನ್ನ ಅಂದಾಜು. ಅವರು ಹೇಳಿಲ್ಲ, ನಾನು ಕೇಳಿಲ್ಲ. ಗೇರಿನ ಲೆಕ್ಕ ನಾನು ಮಾಡಿ ತೋರಿಸಿದ ರಾತ್ರಿ ಮಾತ್ರ ಪೆನ್ನು ತಗೊಂಡು ತಾವೂ ಗುಣಿಸಿ ನೋಡಿದರು.

ಆ ಲೆಕ್ಕ ಹೀಗಿದೆ. ಮೋಟಾರಿನ ತುದಿಯ ಗೇರಿಗೆ 12 ಹಲ್ಲು, ಅದು ತಿರುಗಿಸುವ ದೊಡ್ಡ ಗೇರಿಗೆ 48. ಮೋಟಾರು ನಾಲ್ಕು ಸುತ್ತು ತಿರುಗಿದರೆ ಇದು ಒಂದು ಸುತ್ತು. ಗೇರ್‌ಬಾಕ್ಸಿನ ಒಳಗೆ ಮತ್ತೆ ಎರಡೂವರೆಗೆ ಒಂದು, ಆಕ್ಸಲಿನಲ್ಲಿ ಮೂರಕ್ಕೆ ಒಂದು. ಮೂರನ್ನೂ ಗುಣಿಸಿದರೆ 30. ಮೋಟಾರು ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆ ಅಂದುಕೊಂಡರೆ ಗಾಲಿ ತಿರುಗುವುದು 400 ಸುತ್ತು. ಗಾಲಿಯ ಅಡ್ಡಳತೆ 7 ಸೆಂಟಿಮೀಟರ್, ಅಂದರೆ ಒಂದು ಸುತ್ತಿಗೆ ಸುಮಾರು 22 ಸೆಂಟಿಮೀಟರ್ ದೂರ. ನಿಮಿಷಕ್ಕೆ 88 ಮೀಟರ್, ಗಂಟೆಗೆ 5 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಭಾರ ಬಿದ್ದಾಗ ಇನ್ನೂ ಕಡಿಮೆ. ಮನುಷ್ಯ ನಡೆಯುವ ವೇಗ! ಕಳೆದುಕೊಂಡ ವೇಗವೆಲ್ಲ ಗಾಲಿಯಲ್ಲಿ ಬಲವಾಗಿ ಬರುತ್ತದೆ. ಎಲ್ಲವೂ ಬರುವುದಿಲ್ಲ. ಎಪಿಎಂಸಿಯಲ್ಲಿ ದಲಾಲಿ ಹಿಡಿದುಕೊಂಡ ಹಾಗೆ ಪ್ರತಿಯೊಂದು ಗೇರೂ ಘರ್ಷಣೆಯ ಹೆಸರಿನಲ್ಲಿ ಸ್ವಲ್ಪ ಹಿಡಿದುಕೊಂಡೇ ಮುಂದೆ ಕೊಡುತ್ತದೆ.

ಮೊದಲ ಸಲ ಬ್ಯಾಟರಿ ಹಾಕಿದಾಗ ಮನೆಮಂದಿಯೆಲ್ಲ ಸುತ್ತ ನಿಂತಿದ್ದೆವು. ರಿಮೋಟಿನ ಗುಂಡಿ ಒತ್ತಿದೆ. ಮುಂದಿನ ಗಾಲಿ ಮುಂದಕ್ಕೆ ತಿರುಗಿದವು, ಹಿಂದಿನ ಗಾಲಿ ಹಿಂದಕ್ಕೆ. ಗಾಡಿ ನಿಂತಲ್ಲೇ ಚಾಪೆಯನ್ನು ಕೆದರತೊಡಗಿತು. ಹಿಂದಿನ ಆಕ್ಸಲನ್ನು ತಲೆಕೆಳಗಾಗಿ ಕೂಡಿಸಿದ್ದೆ. ನನ್ನ ತಂಗಿ ನಕ್ಕ ನಗೆ ಓಣಿಗೆಲ್ಲ ಕೇಳಿತು. ಹದಿನಾಲ್ಕು ಸ್ಕ್ರೂ ಬಿಚ್ಚಿ ಮತ್ತೆ ಕೂಡಿಸಿದೆ. ಪ್ಲಾಸ್ಟಿಕ್ಕಿನೊಳಗೆ ಹೋಗುವ ಸ್ಕ್ರೂವನ್ನು ಎರಡನೇ ಸಲ ಹಾಕುವಾಗ ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಹಳೆಯ ಗಾಡಿಗೆ ಕೂತದ್ದು ಕೈಗೆ ತಿಳಿದ ಮೇಲೆ ಬಿಗಿಮಾಡಬೇಕು. ಇಲ್ಲದಿದ್ದರೆ ಹೊಸ ಮರೆ ಕೊರೆದು ತೂತು ಸಡಿಲಾಗುತ್ತದೆ. ಇದೂ ಅಬ್ಬಾ ಹೇಳಿದ್ದು.

ಭಾನುವಾರ ಗಾಡಿಯನ್ನು ಕಾಲುವೆಯ ಕಡೆ ಒಯ್ದೆ. ಕಾಲುವೆ ಅಗೆದಾಗ ತೆಗೆದು ಒಟ್ಟಿದ ಕಲ್ಲಿನ ಗುಡ್ಡೆಗಳು ಅಲ್ಲಿವೆ. ಆಲಮಟ್ಟಿಯ ರಾಕ್ ಗಾರ್ಡನ್ನಿನಲ್ಲಿ ಓಡಿಸಬೇಕೆಂದು ಆಸೆಯಿತ್ತು, ಆದರೆ ಅಲ್ಲಿ ಟಿಕೆಟ್ ತಗೊಂಡು ಗಾಡಿ ಓಡಿಸಿದರೆ ಓಡಿಸಿಯಾರು, ನನ್ನನ್ನು! ಗುಡ್ಡೆಯಲ್ಲಿ ಮೊದಲ ಕಲ್ಲು ಹತ್ತಿತು, ಎರಡನೆಯದು ಹತ್ತಿತು, ಮೂರನೆಯದು ಕಡಿದಾಗಿತ್ತು. ಮುಂದಿನ ಗಾಲಿ ಎದ್ದು ಗಾಡಿ ಮಲ್ಲನ ಹಾಗೆ ಬೆನ್ನ ಮೇಲೆ ಬಿತ್ತು. ಐದು ಸಲವೂ ಹಾಗೆಯೇ. ಭಾರ ಹಿಂದೆ ಮತ್ತು ಮೇಲೆ ಇದ್ದರೆ ಹೀಗಾಗುತ್ತದೆ. ಅದು ಮುಂದೆ ಮತ್ತು ಕೆಳಗೆ ಇರಬೇಕು. ಹೆದ್ದಾರಿ ಪಕ್ಕದ ಟಯರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗಿಗೆ ಅಂಟಿಸುವ ಐದೈದು ಗ್ರಾಮಿನ ತುಂಡುಗಳಿರುತ್ತವೆ. ಹಳೆಯವನ್ನು ಪುಕ್ಕಟೆ ಕೊಟ್ಟರು. ಮುಂದಿನ ಎರಡೂ ರಿಮ್ಮಿನೊಳಗೆ ನಾಲ್ಕು ನಾಲ್ಕು ಅಂಟಿಸಿದೆ, ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಕಟ್ಟಿದೆ. ಮರುದಿನ ಸಂಜೆ ಅದೇ ಮೂರನೇ ಕಲ್ಲನ್ನು ಏನೂ ಆಗಿಲ್ಲವೆಂಬಂತೆ ಹತ್ತಿ ನಿಂತಿತು. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಒಬ್ಬ ಕಾಕಾ ನಿಂತು ನೋಡಿ, "ಅಲೋ ತಮ್ಮಾ, ಇದಕ್ಕ ರಂಟಿ ಕಟ್ಟಿದ್ರ ಹೊಲ ಹೊಡಿತೈತೇನು?" ಅಂದರು. "ಇಲ್ರೀ ಕಾಕಾ, ಬರೇ ಕಲ್ಲ್ ಹತ್ತತೈತ್ರಿ" ಅಂದೆ. "ಹತ್ತಿ ಏನ್ ಮಾಡತೈತಿ?" ಅದಕ್ಕೆ ಉತ್ತರ ಹೊಳೆಯಲಿಲ್ಲ.

ನಾಲ್ಕನೇ ಕಲ್ಲಿನಲ್ಲಿ ಕರ್ ಕರ್ ಸದ್ದು ಬಂತು. ಮೋಟಾರು ತಿರುಗುತ್ತಿದೆ, ಗಾಡಿ ಕದಲುತ್ತಿಲ್ಲ. ಮನೆಗೆ ತಂದು ಬಿಚ್ಚಿದರೆ 48 ಹಲ್ಲಿನ ಗೇರಿನಲ್ಲಿ ಒಂದು ಕಡೆ ಎಂಟು ಹಲ್ಲು ಬೋಳಾಗಿದ್ದವು. ಅಬ್ಬಾ ಬೆರಳಲ್ಲಿ ಉಜ್ಜಿ ನೋಡಿ, ಗೇರಿನದ್ದು ತಪ್ಪಲ್ಲ, ನೀನು ಮೋಟಾರನ್ನು ದೂರ ಕೂಡಿಸಿದ್ದೀ, ಹಲ್ಲು ತುದಿಯಲ್ಲಷ್ಟೇ ತಾಗಿ ಜಾರಿದೆ ಅಂದರು. ಹೊಸ ಲೋಹದ ಗೇರಿಗೆ 320 ರೂಪಾಯಿ. ನಾನು ಗಾಡಿಯನ್ನು ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದೆ.

ಆ ರಾತ್ರಿ ಊಟದ ನಂತರ ಅಮ್ಮಿ ಹೊಲಿಗೆಯ ಡಬ್ಬಿ ತೆರೆದು, ನೂರರ ಮೂರು ನೋಟು, ಹತ್ತರ ಎರಡು ನೋಟು ಎಣಿಸಿ ನನ್ನ ಮುಂದೆ ಇಟ್ಟರು. "ಇತ್ತೀ ಸೀ ಬಾತ್ ಕು ಕೈಕು ರುಕ್‌ತಾ?" ಇಷ್ಟು ಸಣ್ಣದಕ್ಕೆ ಯಾಕೆ ನಿಲ್ಲುತ್ತೀ ಅಂತ. ಒಂದು ಬ್ಲೌಸ್ ಹೊಲಿದರೆ ಅವರಿಗೆ 120 ರೂಪಾಯಿ. ನಾನು ನೋಟು ಮುಟ್ಟಲಿಲ್ಲ. ಒಳಗೆ ಹೋಗಿ ನೋಟ್‌ಬುಕ್ ತಂದೆ. ಅಮ್ಮಿಗೆ ಉರ್ದು ಓದಲು ಬರುತ್ತದೆ, ನಾನು ಬರೆದದ್ದು ಇಂಗ್ಲಿಷಿನಲ್ಲಿ. ಹಾಗಾಗಿ ಒಂದೊಂದೇ ಸಾಲನ್ನು ನಾನೇ ಓದಿ ಹೇಳಬೇಕಾಯಿತು. ಅವರೇ ಓದಿಕೊಳ್ಳುವಂತಿದ್ದರೆ ಪುಸ್ತಕ ಮುಂದಿಟ್ಟು ಹೊರಗೆ ಓಡಿಹೋಗುತ್ತಿದ್ದೆನೇನೋ. ಸಸ್ಪೆನ್ಸ್ ಅಂದರೆ ಏನು ಎಂದು ಕೇಳಿದರು. ಹೇಳಿದೆ. ಗಿರಮಿಟ್ಟಿನ 60 ರೂಪಾಯಿಗೆ ಬಂದಾಗ ಅವರ ಮುಖ ಬದಲಾಯಿತು. ಆ 2,440ಕ್ಕಿಂತ ಈ 60 ಅವರಿಗೆ ಹೆಚ್ಚು ನೋವು ಕೊಟ್ಟಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಇಪ್ಪತ್ತಕ್ಕೂ ಹೆಚ್ಚು ಬ್ಲೌಸಿನ ದುಡ್ಡು ಅದು ಎಂದು ನಾನೇ ಲೆಕ್ಕ ಹಾಕಿ ಹೇಳಿದೆ. ಬೈಯಲಿ ಎಂದು ಕಾದೆ. ಅವರು ನೋಟುಗಳನ್ನು ಡಬ್ಬಿಗೆ ಹಾಕಿ, "ಲಿಖಾ ನಾ? ಅಬ್ ಭರ್" ಅಂದು ದೀಪ ಆರಿಸಿದರು. ಬರೆದಿದ್ದೀಯಲ್ಲ, ಈಗ ತುಂಬು. ಎರಡು ದಿನ ಊಟಕ್ಕೆ ಕರೆದದ್ದು ಬಿಟ್ಟರೆ ಬೇರೆ ಮಾತಿಲ್ಲ.

ಮೂರನೇ ದಿನ ಅವರೇ ಮಾತು ತೆಗೆದರು. ಇಷ್ಟು ಚೆನ್ನಾಗಿ ಬರೆಯಲು ಬರುತ್ತದಲ್ಲ, ನನ್ನ ಹೊಲಿಗೆಯದ್ದೂ ಬರೆ ಅಂದರು. ಅಮ್ಮಿಯ ಲೆಕ್ಕವೆಲ್ಲ ಬಾಯಲ್ಲೇ. ಯಾರದು ಎಷ್ಟು ಉದ್ರಿ ಎಂದು ನೆನಪಿನಿಂದ ಹೇಳುತ್ತ ಹೋದರು, ನಾನು ಬರೆದೆ. ಕೂಡಿಸಿದರೆ 3,180 ರೂಪಾಯಿ ಹೊರಗೆ ನಿಂತಿತ್ತು. ನನಗೆ ಹುರುಪು ಬಂತು. ನೋಟ್‌ಬುಕ್ ಹಿಡಿದು ಎರಡು ಸಂಜೆ ಮನೆಮನೆ ತಿರುಗಿದೆ. "ಕಾಕೂ, ಅಮ್ಮಿ ಕಳಿಸ್ಯಾರ್ರಿ" ಅಂದರೆ ಹೆಚ್ಚಿನವರು ನಗುತ್ತಲೇ ಕೊಟ್ಟರು, ಒಬ್ಬರು ಶೇಂಗಾ ಹೋಳಿಗೆಯನ್ನೂ ಕೊಟ್ಟರು. 1,760 ವಸೂಲಾಯಿತು. ತಂದು ಹೆಮ್ಮೆಯಿಂದ ಅಮ್ಮಿಯ ಕೈಗಿಟ್ಟು ಹೆಸರು ಓದಿದೆ. ಒಂದು ಹೆಸರಿಗೆ ಅಮ್ಮಿ ತಡೆದರು. ಆ ಮನೆಯ ಯಜಮಾನರು ತೀರಿಕೊಂಡು ಮೂರು ತಿಂಗಳೂ ಆಗಿರಲಿಲ್ಲ, ನಾನು ಅಲ್ಲಿಂದ 240 ತಂದಿದ್ದೆ. "ಅವರ ಮನೇಲಿ ಕೇಳಿದೆಯಾ?" ಅಂದರು. ಮರುಮಾತಿಲ್ಲದೆ ಅದೇ ರಾತ್ರಿ ಹಿಂದಕ್ಕೆ ಕೊಟ್ಟು ಬಂದೆ. ಕೊಡುವುದು ತರುವುದಕ್ಕಿಂತ ಕಷ್ಟವಾಯಿತು. ಆ ಕಾಕು ಬಾಗಿಲಲ್ಲಿ ನಿಂತು, "ಯಾಕೋ ತಮ್ಮಾ, ಕಮ್ಮಿ ಆತೇನು?" ಅಂದರು.

ಈ 240ನ್ನು ಎಲ್ಲಿ ಬರೆಯುವುದು ಎಂದು ನಮ್ಮ ಅಕೌಂಟೆನ್ಸಿ ಸರ್ ಹತ್ತಿರ ಕೇಳಿದೆ. ಬ್ಯಾಡ್ ಡೆಟ್ ಅನ್ನಲು ಬರುವುದಿಲ್ಲ, ಏಕೆಂದರೆ ಅವರು ಕೊಟ್ಟಿದ್ದರು. ಸರ್ ಸ್ವಲ್ಪ ಯೋಚಿಸಿ, "ಡ್ರಾಯಿಂಗ್ಸ್ ಅಂತ ಬರಿ, ಅಥವಾ ನಿಮ್ಮ ತಾಯಿಯನ್ನೇ ಕೇಳು" ಅಂದರು. ಕೇಳಿದೆ. "ಲಿಖ್ ನಕ್ಕೋ" ಅಂದರು ಅಮ್ಮಿ. ಬರೆಯಬೇಡ. ಹೀಗೆ ಅವರ ಪುಸ್ತಕದಲ್ಲಿ ಒಂದು ಸಾಲು ಹೊಡೆದು ಹಾಕಿದ್ದು ಹಾಗೆಯೇ ಇದೆ.

ವಸೂಲಾದದ್ದರಲ್ಲಿ ಉಳಿದ 1,520 ಟ್ಯಾಲಿ ಕ್ಲಾಸಿಗೆ ಹೋಯಿತು. ಬಾಕಿ 980ನ್ನು ಮುಂದಿನ ತಿಂಗಳು ಅಮ್ಮಿಯೇ ಕಟ್ಟಿದರು. ಆದರೆ ಅದರಿಂದ ನನ್ನ ಸಾಲವೇನೂ ತೀರಲಿಲ್ಲ, ದುಡ್ಡು ಎರಡೂ ಸಲ ಅವರದೇ. ನೋಟ್‌ಬುಕ್ಕಿನಲ್ಲಿ 'ಸಸ್ಪೆನ್ಸ್' ಹೊಡೆದು ಹಾಕಿ ಅಮ್ಮಿಯ ಹೆಸರು ಬರೆದೆ, ಈ ಸಲ ಉರ್ದುವಿನಲ್ಲಿ, ಅವರೇ ಓದಿಕೊಳ್ಳಲಿ ಎಂದು. ಈಗ ಪ್ರತಿ ಭಾನುವಾರ ಗ್ಯಾರೇಜಿನಲ್ಲಿ ದುಡಿಯುತ್ತೇನೆ, ಅಬ್ಬಾ 150 ಕೊಡುತ್ತಾರೆ. ಬೇರೆ ಹುಡುಗರಿಗೂ ಅಷ್ಟೇ ಕೊಡುತ್ತಾರೆ, ಮಗನೆಂದು ಒಂದು ರೂಪಾಯಿ ಹೆಚ್ಚಿಲ್ಲ.

ಆರು ಭಾನುವಾರ ಪೂರಾ ಅಮ್ಮಿಗೆ ಕಟ್ಟಿದ ಮೇಲೆ, ಏಳನೆಯದನ್ನು ಗೇರಿಗೆ ಬಳಸಲು ಅವರ ಅನುಮತಿ ಕೇಳಿದೆ. ಲೋಹದ್ದು ಬೇಡ ಎಂದು ಅದೇ ಪ್ಲಾಸ್ಟಿಕ್ ಗೇರು ತರಿಸಿದೆ, 140 ರೂಪಾಯಿ. ಈ ಸಲ ಅಬ್ಬಾ ಪಕ್ಕದಲ್ಲಿ ಕೂತು ಒಂದು ಉಪಾಯ ಹೇಳಿಕೊಟ್ಟರು. ನೋಟ್‌ಬುಕ್ಕಿನಿಂದ ಹಾಳೆಯ ಒಂದು ಸಣ್ಣ ಪಟ್ಟಿ ಹರಿದು ಎರಡು ಗೇರುಗಳ ನಡುವೆ ಇಡಬೇಕು. ಮೋಟಾರನ್ನು ಹಾಳೆ ಅಮುಕುವಷ್ಟು ಒತ್ತಿ ಹಿಡಿದು ಸ್ಕ್ರೂ ಬಿಗಿಮಾಡಬೇಕು. ಆಮೇಲೆ ಗೇರು ತಿರುಗಿಸಿ ಹಾಳೆಯನ್ನು ಹೊರಗೆ ತೆಗೆಯಬೇಕು. ಹಾಳೆಯಷ್ಟು ಸಂದು ಉಳಿದರೆ ಅದೇ ಸರಿಯಾದ ಸಂದು. ಬಿಗಿಯಾದರೆ ಗೇರು ಕಾದು ಸವೆಯುತ್ತದೆ, ಸಡಿಲಾದರೆ ಏನಾಗುತ್ತದೆಂದು ನೋಡಿಯೇ ಇದ್ದೇವೆ. ಹೊರಬಂದ ಪಟ್ಟಿ ಹರಿದಿರಲಿಲ್ಲ. ಅದರ ಮೇಲೆ ಉದ್ದಕ್ಕೂ ಒಂದೇ ಅಳತೆಯ ಮಡಿಕೆಗಳು ಮೂಡಿದ್ದವು. ಅಮ್ಮಿ ಮಷೀನಿನ ಮೇಲಿಂದಲೇ ಕೈ ಚಾಚಿ ಅದನ್ನು ಈಸಿಕೊಂಡು ಬೆಳಕಿಗೆ ಹಿಡಿದು, "ಟಾಂಕೆ ಬರಾಬರ್ ಪಡೆ" ಅಂದರು. ಹೊಲಿಗೆ ಸರಿಯಾಗಿ ಬಿದ್ದಿದೆ ಅಂತ. ಆ ಪಟ್ಟಿ ಈಗ ನೋಟ್‌ಬುಕ್ಕಿನ ಅದೇ ಹಾಳೆಯಲ್ಲಿದೆ.

ನಾಲ್ಕನೇ ಕಲ್ಲನ್ನು ಗಾಡಿ ಹತ್ತಿ ಇಳಿಯಿತು. ಐದನೆಯದರ ಮೇಲೆ ಇನ್ನೂ ಆಗಿಲ್ಲ, ಮುಂದಿನ ಎಡ ಗಾಲಿಯ ಹತ್ತಿರ ಒಂದು ಲಿಂಕ್ ಕಲ್ಲಿಗೆ ತಗಲುತ್ತದೆ. ಅದನ್ನು ಸ್ವಲ್ಪ ಬಾಗಿಸಿ ಮೇಲಕ್ಕೆ ಮಾಡಬೇಕೆಂದಿದ್ದೇನೆ, ಖರ್ಚಿಲ್ಲದ ಕೆಲಸ. ಎಮ್ಮೆಯ ಕಾಕಾ ಈಗ ದಿನಾ ನಿಂತು ನೋಡುತ್ತಾರೆ, ಯಾವ ಕಲ್ಲಿನಿಂದ ಹತ್ತಿಸಬೇಕೆಂದು ಸಲಹೆಯನ್ನೂ ಕೊಡುತ್ತಾರೆ. ನೋಡಬೇಕೆನ್ನುವ ಗೆಳೆಯರು ಭಾನುವಾರ ಸಂಜೆ ಐದರ ಮೇಲೆ ಗೊಳಸಂಗಿಗೆ ಬನ್ನಿ. ಅದಕ್ಕಿಂತ ಮೊದಲು ನಾನು ಗ್ಯಾರೇಜಿನಲ್ಲಿರುತ್ತೇನೆ. ಅಮ್ಮಿಗೆ ಕೊಡಬೇಕಾದದ್ದು ಇನ್ನೂ 1,600 ರೂಪಾಯಿ ಇದೆ.